ಯಾರ ಊರಿನ ಹಗ್ಗ

ಬಾಸಿಲಿಯಾಗೆ ಬೇಕಾಗಿದ್ದದ್ದು ನೆಲವಲ್ಲ, ನೆಲದ ಮೇಲಿದ್ದ ಒಂದು ಹೊಕೋತೆ ಮರ. ಬರೀ ಮರವನ್ನು ಯಾರು ಮಾರುತ್ತಾರೆ ಹೇಳಿ? ಅದಕ್ಕೇ ಆಂತಿಗುವಾ ಪಟ್ಟಣದಂಚಿನ ಕಾಫಿ ತೋಟದಲ್ಲಿ, ಗೇಟಿನಿಂದ ಒಳಕ್ಕೆ, ಒಂದು ಹಗ್ಗ ನೆಲ ಕೊಂಡಳು. ಅಲ್ಲಿ ನೆಲ ಅಳೆಯುವುದು ಹಗ್ಗದ ಲೆಕ್ಕದಲ್ಲಿ: ಒಂದು ಹಗ್ಗ ಉದ್ದ, ಒಂದು ಹಗ್ಗ ಅಗಲ. ಹನ್ನೆರಡು ವರ್ಷ ಮಾರುಕಟ್ಟೆಯಲ್ಲಿ ರೊಟ್ಟಿ ತಟ್ಟಿ ಉಳಿಸಿದ್ದೆಲ್ಲ ಅದಕ್ಕೇ ಹೋಯಿತು.

ಮಗ ತೀನೊ ಹುಟ್ಟಿದಾಗ ಅವಳೂ ಗಂಡನೂ ಅದೇ ತೋಟದ ಆಳುಗಳು. ಗಂಡುಮಗುವಿನ ಹೊಕ್ಕುಳಬಳ್ಳಿಯನ್ನು ಬಟ್ಟೆಯಲ್ಲಿ ಸುತ್ತಿ ಎತ್ತರದ ಕೊಂಬೆಗೆ ಕಟ್ಟಬೇಕು, ಅದು ಅಲ್ಲಿನ ರೂಢಿ. ಹಾಗೆ ಕಟ್ಟಿದರೆ ಮುಂದೆ ಹುಡುಗ ಹತ್ತುವುದಕ್ಕೆ ಹೆದರುವುದಿಲ್ಲ. ಸೂಲಗಿತ್ತಿ ಆ ಹೊಕೋತೆಗೇ ಕಟ್ಟಿ ಬಂದಿದ್ದಳು. ತೀನೊ ಹೆದರಲೇ ಇಲ್ಲ, ಹಾಳಾದವನು! ಹತ್ತೊಂಬತ್ತನೇ ವಯಸ್ಸಿಗೆ ಮೆಕ್ಕೆಜೋಳದ ಹೊಲಕ್ಕೆಂದು ಬೆಟ್ಟ ಹತ್ತಿದವನ ಮೇಲೆ ಬೆಟ್ಟವೇ ಕುಸಿಯಿತು. ಎಷ್ಟು ಅಗೆದರೂ ಒಂದು ಚಪ್ಪಲಿ ಕೂಡ ಸಿಗಲಿಲ್ಲ. ಹೋದವರು ಒಂದು ದಿನಕ್ಕೆ ಮರಳಿ ಬರುವ ಸತ್ತವರ ಹಬ್ಬಕ್ಕೆ ಊರಿಗೆ ಊರೇ ಹಳದಿ ಹೂ ಹೊತ್ತು ಗೋರಿಗಳಿಗೆ ಹೊರಟರೆ, ಇವಳು ಹೂ ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದಳು. ಎಲ್ಲಿ ಇಡುವುದು? ಭೂಮಿಯ ಮೇಲೆ ಅವನದೆಂದು ಉಳಿದದ್ದು ಆ ಮರದ ಮೇಲಿನ ಗಂಟೊಂದೇ.

ಪತ್ರಕ್ಕೆ ಸಹಿಯಾದ ಮಾರನೆಯ ಬೆಳಿಗ್ಗೆ ಅಳೆಯಲು ಹೋದರು. ಮಾರಿದವನು ದೊನ್ ಎವೆಲಿಯೊ, ಪಡುವಣ ಗುಡ್ಡಗಾಡಿನಿಂದ ಬಂದು ತೋಟ ಕೊಂಡವನು. ಬಾಸಿಲಿಯಾಳ ಜೊತೆಗೆ ನಾದಿನಿ ನೀಚಾ. ಗೇಟಿನಿಂದ ಹಗ್ಗ ಎಳೆದು ದೊನ್ ಎವೆಲಿಯೊ ಗೂಟ ಹೊಡೆದ. ಮರ ಇನ್ನೂ ಐದಾರು ಗಜ ಆಚೆಗಿತ್ತು.

"ಎಳೀರಿ ದೊನ್, ಎಳೀರಿ. ಬೆಳಿಗ್ಗೆ ತಿಂಡಿ ಆಗಿಲ್ವಾ?" ನೀಚಾ ನಕ್ಕಳು.

"ಮುಗೀತಲ್ಲಮ್ಮ. ಹಗ್ಗ ಅಂದ್ರೆ ಇಪ್ಪತ್ತೈದು ಗಜ. ನಮ್ಮಜ್ಜನ ಕಾಲದಿಂದ್ಲೂ ಅಷ್ಟೇ."

"ಅದು ನಿಮ್ಮೂರಲ್ಲಿ! ಇಲ್ಲಿ ನಲವತ್ತು. ನಿಮ್ಮೂರವರು ಮಿಕ್ಕ ಹಗ್ಗಾನ ಸಾರು ಮಾಡ್ಕೊಂಡು ಕುಡಿದ್ರಾ?"

"ಆ ರೇಟಿಗೆ ನಲವತ್ತು ಗಜ ಯಾವ ಹುಚ್ಚ ಕೊಡ್ತಾನೆ?"

ಬಾಸಿಲಿಯಾ ಗೂಟದ ಬಳಿಗೆ ಬಂದಳು. ಅಗ್ಗವಾಗಿ ಸಿಕ್ಕಿತೆಂದು ದೇವರಿಗೆ ಮೇಣದಬತ್ತಿ ಹಚ್ಚಿ ಬಂದಿದ್ದಳು, ಪಾಪ. "ಗೂಟ ಆಚೆ ಸರಿಸಿ ದೊನ್. ಈ ಕಡೆ ಬಿಟ್ಟು ಆ ಕಡೆ ಕೊಡಿ. ನಂಗೆ ಆ ಮರ ಸಾಕು," ಎಂದಳು. ಗಂಟಿನ ಕಥೆಯನ್ನು ಅವನಿಗೆ ಹೇಳಿದ್ದು ಆಗಲೇ, ಮೊದಲ ಸಲ.

ದೊನ್ ಎವೆಲಿಯೊ ಟೋಪಿ ತೆಗೆದ. ಕೆಟ್ಟವನಲ್ಲ ಅವನು. "ಅಯ್ಯೋ ತಾಯಿ, ಆ ಕಡೆದೆಲ್ಲಾ ಹೋಟೆಲಿನವರಿಗೆ ಕೊಟ್ಟು ವಾರ ಆಯ್ತು. ಒಂದು ಮಾತು ಹೇಳಬಾರದಿತ್ತಾ? ಮರಾನ ನಿಮಗೆ ಸುಮ್ನೆ ಬಿಡ್ತಿದ್ದೆ."

ಹೇಳಿದರೆ ಬೆಲೆ ಏರಿಸುತ್ತಾನೆಂದು ತಾನೇ ಅವಳು ಬಾಯಿ ಹೊಲಿದುಕೊಂಡಿದ್ದು! ಬಾಯಿ ಬಿಟ್ಟರೆ ಬಣ್ಣಗೇಡು ಎಂದು ನೀಚಾ ಕಿವಿಯಲ್ಲಿ ಊದಿದ್ದಳು. ಈಗ ನೀಚಾಳೇ ಹೊದ್ದ ಶಾಲಿಗೆ ಮುಖ ಒತ್ತಿಕೊಂಡು ಅಳುತ್ತಿದ್ದಳು.

ಹೋಟೆಲಿನವರಿಗೆ ಕಾರು ನಿಲ್ಲಿಸಲು ಜಾಗ ಬೇಕಿತ್ತು. ಮರ ಕಡಿಯುವ ದಿನ ಬಾಸಿಲಿಯಾ ಬುಡದಲ್ಲೇ ನಿಂತಿದ್ದಳು. ಮೇಲೆ ಹತ್ತಿದವನು ಕರುಣೆಯಿಂದ ಕೂಗಿ ಕೇಳಿದ, "ಯಾವ ಕೊಂಬೆ ತಾಯಿ? ಅದನ್ನೇ ಜೋಪಾನವಾಗಿ ಇಳಿಸಿಕೊಡ್ತೀನಿ."

ಯಾವ ಕೊಂಬೆ? ಕಟ್ಟಿದವಳು ಸೂಲಗಿತ್ತಿ, ಅವಳು ಸತ್ತು ಎಷ್ಟು ಕಾಲವಾಯಿತು. ಅವತ್ತು ಬಾಸಿಲಿಯಾ ಒಳಗೆ ಮಗುವನ್ನು ಮಗ್ಗುಲಲ್ಲಿಟ್ಟುಕೊಂಡು ಮಲಗಿದ್ದಳು. ಬಟ್ಟೆ ಗಾಳಿಮಳೆಗೆ ಯಾವತ್ತೋ ಹರಿದುಹೋಗಿತ್ತು.

"ಗೊತ್ತಿಲ್ಲ ಕಣಪ್ಪ," ಎಂದಳು. "ಯಾವುದಾದ್ರೂ ಕೊಡು."

ಕೊಟ್ಟ ಕೊಂಬೆಯನ್ನು ತನ್ನ ಇಪ್ಪತ್ತೈದು ಗಜದೊಳಗೆ, ಗೂಟದ ಪಕ್ಕದಲ್ಲೇ ನೆಟ್ಟಳು. "ಬೇಲಿಗೆ ನೆಟ್ಟರೂ ಚಿಗುರೋ ಜಾತಿ, ಬಿಡು," ಎಂದಳು ನೀಚಾ. ಮಳೆಗಾಲ ಬಂತು, ಹೋಯಿತು. ಅಕ್ಕಪಕ್ಕದ ಬೇಲಿಗಳೆಲ್ಲ ಚಿಗುರಿದವು. ಇದು ಚಿಗುರಲಿಲ್ಲ.

ಸತ್ತವರ ಹಬ್ಬದ ದಿನ ಅವಳೂ ಎಲ್ಲರಂತೆ ಹಳದಿ ಹೂ ಹೊತ್ತು ಮನೆ ಬಿಟ್ಟಳು. ಒಣಗಿದ ಆ ಕೋಲಿಗೆ ಹೂ ಸುತ್ತಿ ಪಕ್ಕದಲ್ಲಿ ಕೂತಳು.

"ತೀನೊ," ಎಂದಳು, "ನಿಂದೇ ಕೊಂಬೆ ಹೌದೋ ಅಲ್ವೋ ಗೊತ್ತಿಲ್ಲ ಮಗನೇ. ಅಲ್ಲದಿದ್ರೂ ಇವತ್ತೊಂದು ದಿನ ಇಲ್ಲಿಗೇ ಬಾ."