ಚೆಕಿಂಗ್ ಇಳಿದ ಊರು

ಆಗ ಎಡಕ್ಕಿದ್ದ ಮುತ್ತುಗದ ಮರ ಈಗ ಬಲಕ್ಕೆ ಬಂತು, ಅದೇ ಮರ, ಒಂದೂ ಎಲೆಯಿಲ್ಲದೆ ಮೈತುಂಬ ಕೆಂಪು ಹೂ ಹೊತ್ತು ನಿಂತದ್ದು, ನೋಡ್ರೀ ಎಷ್ಟು ಚೆಂದಾಗದೆ ಎಂದು ತಾನೇ ಅಲ್ಲವೆ ಇವರಿಗೆ ತೋರಿಸಿದ್ದು, ಇವರು ರಸ್ತೆಯಿಂದ ಕಣ್ಣು ತೆಗೆಯದೆ ಊಂ ಅಂದದ್ದು — ಆಗಲೇ ವ್ಯಾನಿನಲ್ಲಿ ನಾಯಿ ಚೆಕಿಂಗ್ ಇರಲಿಲ್ಲ, ತಾನು ಹೂ ನೋಡಿ ಹಿಗ್ಗುತ್ತಿದ್ದ ಹೊತ್ತಿಗೆ ನಾಯಿ ನಾಗಪುರದಾಚೆಯ ಯಾವುದೋ ಢಾಬಾದ ಮುಂದೆ ಉಳಿದುಹೋಗಿತ್ತು, ಪುಟ್ಟಬಸಮ್ಮನಿಗೆ ಆ ಹೂವಿನ ಮೇಲೆ ಈಗ ಸಿಟ್ಟೇ ಬಂತು, ಮುಖ ತಿರುಗಿಸಿದಳು, ತಿರುಗಿಸಿದರೆ ಹಿಂದಿನ ಸೀಟು, ಸೀಟಿನ ಮೇಲೆ ಕರಿ ಕಂಬಳಿ, ಕರಿ ನಾಯಿ ಮಲಗಿ ಮಲಗಿ ನಡುವೆ ಗುಳಿ ಬಿದ್ದು ಅಂಚೆಲ್ಲ ಎದ್ದು ನಿಂತ ಕಂಬಳಿ, ಊಟ ಮುಗಿಸಿ ವ್ಯಾನು ಹತ್ತಿದಾಗ ಓರೆಗಣ್ಣಿನಲ್ಲಿ ಕಂಡದ್ದು ಈ ಅಂಚೇ, ಮಲಗವ್ನೆ ಬುಡು ಅಂದುಕೊಂಡದ್ದು ಇದನ್ನೇ ನೋಡಿ, ಕೈ ಚಾಚಿ ಒಂದು ಸಲ ಮುಟ್ಟಿದ್ದರೆ ಏನು ಗಂಟು ಹೋಗುತ್ತಿತ್ತು. ನಾಯಿ ಒಳಗಿದೆ ಎಂದು ರೈಟ್ ಅಂದವಳು ಅವಳೇ, ಬೇರೆ ಯಾರೂ ಅಲ್ಲ.

ರೈಟ್ ಅನ್ನದೆ ಇವರು ಗಾಡಿ ಎತ್ತುವವರಲ್ಲ, ಹುಟ್ಟುಗುಣದ ಹಾಗೆ ಅಂಟಿಬಿಟ್ಟಿದೆ, ನಂಜನಗೂಡಿನಿಂದ ಟಿ. ನರಸೀಪುರ, ನರಸೀಪುರದಿಂದ ನಂಜನಗೂಡು, ಸರ್ವಿಸ್ಸಿನ ಉದ್ದಕ್ಕೂ ಅದೇ ರೂಟು, ಅದೇ ಸುತ್ತೂರು, ಅದೇ ಆಲಗೂಡು, ಹೆಚ್ಚೆಂದರೆ ಮುಡುಕುತೊರೆಗೆ ಒಂದು ಸ್ಪೆಷಲ್ಲು, ದೊಡ್ಡಸಿದ್ದಯ್ಯನ ಬಸ್ಸು ಹೋದರೆ ಗಡಿಯಾರ ನೋಡಬೇಕಾಗಿಲ್ಲ ಅನ್ನುತ್ತಿದ್ದರು ಜನ, ಆದರೆ ಕಂಡಕ್ಟರು ಬಾಗಿಲು ಬಡಿದು ರೈಟ್ ಅನ್ನುವ ತನಕ ಆ ಪುಣ್ಯಾತ್ಮ ಗೇರಿಗೆ ಕೈ ಹಾಕುತ್ತಿರಲಿಲ್ಲ, ಹಿಂದಕ್ಕೆ ತಿರುಗಿಯೂ ನೋಡುತ್ತಿರಲಿಲ್ಲ, ಮುಂದಿಂದು ನಂದು ಇಂದಿಂದು ಅವನ್ದು, ಅದು ನಮ್ಮ ಕಸುಬಿನ ನೇಮ ಕಣೆ — ರಿಟೈರಾಗಿ ಸೆಕೆಂಡ್‌ಹ್ಯಾಂಡ್ ಮಾರುತಿ ವ್ಯಾನು ಕೊಂಡ ದಿನ ಅವಳನ್ನು ಎಡಗಡೆ ಕೂರಿಸಿ, ಕೀ ತಿರುಗಿಸಿ, ಎರಡೂ ಕೈ ಸ್ಟೇರಿಂಗಿನ ಮೇಲಿಟ್ಟು ಸುಮ್ಮನೆ ಕೂತುಬಿಟ್ಟರು, ಏನ್ರೀ, ಆಗ್ಲೇ ಕೆಟ್ಟೋಯ್ತಾ, ಇಲ್ಲ ಕಣೆ, ರೈಟ್ ಅನ್ನು, ನೀನು ಅನ್ನದೆ ಎಂಗೆ ಓಗದು, ಅವಳು ನಕ್ಕು ನಕ್ಕು ಕಣ್ಣಲ್ಲಿ ನೀರು ಬರಿಸಿಕೊಂಡು ಬಾಗಿಲು ಬಡಿದು ರೈಟ್ ಅಂದಳು, ವ್ಯಾನು ಹೊರಟಿತು, ಅಂದಿನಿಂದ ಮೈಸೂರಿಗೆ ಸೀರೆ ತರಲು ಹೋದರೂ ರೈಟ್, ಬೀಗರ ಮನೆಯಿಂದ ಹೊರಟರೂ ರೈಟ್, ಮದುವೆಯಾದ ಮೇಲೆ ಈ ಗಂಡಸು ತನ್ನ ಮಾತು ಕೇಳಿ ಹೆಜ್ಜೆ ಎತ್ತಿದ್ದು ಇದೊಂದೇ ವಿಷಯದಲ್ಲಿ, ಅವಳಿಗೆ ಒಳಗೊಳಗೇ ಕೋಡು ಮೂಡಿತ್ತು, ಮಗಳು ರಮ್ಯ ಏನು ಕಂಡಕ್ಟರಮ್ಮ ಎಂದು ರೇಗಿಸಿದರೆ ಊಂ ಕಣೆ, ಟಿಕೆಟ್ ತಗೋ ಮೊದ್ಲು ಅನ್ನುತ್ತಿದ್ದಳು. ಇವತ್ತು ಊಟದ ಮೇಲಿನ ತೂಕಡಿಕೆಯಲ್ಲಿ, ಅರ್ಧ ಕಣ್ಣು ಮುಚ್ಚಿಕೊಂಡೇ ಬಾಗಿಲು ಬಡಿದಳು, ಅವರು ನಂಬಿ ಹೊರಟರು.

ಬೈದುಬಿಟ್ಟಿದ್ದರೆ ವಾಸಿಯಿತ್ತು, ಬೈಯಲಿಲ್ಲವಲ್ಲ, ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಚೆಕಿಂಗು, ಇಳಿಯೋ, ಉಚ್ಚೆ ಉಯ್ಕೋ ಎಂದು ಹಿಂದಿನ ಬಾಗಿಲು ಎಳೆದವರು ಕಂಬಳಿ ಎತ್ತಿ ನೋಡಿದರು, ಸೀಟಿನ ಅಡಿ ಬಗ್ಗಿ ನೋಡಿದರು, ಮತ್ತೆ ಕಂಬಳಿ ಎತ್ತಿದರು, ಆಮೇಲೆ ಅವಳ ಮುಖ ನೋಡಿದರು, ಅಷ್ಟೆ, ಬಂದು ಕೂತು ವ್ಯಾನು ತಿರುಗಿಸಿದರು, ರೈಟ್ ಅನ್ನು ಎಂದು ಕೇಳಲಿಲ್ಲ, ಅವಳು ಅನ್ನುವ ಮೊದಲೇ ಹೊರಟುಬಿಟ್ಟರು, ಅದು ಎದೆಗೆ ಚುಚ್ಚಿ ಕೂತಿದೆ — ಇದಕ್ಕೋಸ್ಕರ ಹೊರಟದ್ದೇನು, ಕಪಿಲೆ ಪಕ್ಕದಲ್ಲಿ ಒಂಟು ಕಾವೇರಿ ಸೇರೋ ತಾವ ಓಗಿ ತಿರುಗ್ಸೋದೇ ಆಯ್ತು ನನ್ನ ಜೀವ್ಮಾನ, ಗಂಗೆ ಯಮುನೆ ಸೇರೋ ಸಂಗಮನೂ ಒಂದ್ಸಲ ನೋಡಾನ ಬಾ, ರೋಡಲ್ಲೇ ಓಗಾನ, ರಿಟರ್ನ್ ಟ್ರಿಪ್ ಗ್ಯಾನನೇ ಇಲ್ದೆ ಒಂದ್ಸಲ ಗಾಡಿ ಓಡಿಸ್ಬೇಕು ಕಣೆ ನಾನು, ಎಂದು ಹುಡುಗನ ಹಾಗೆ ಆಸೆಪಟ್ಟವರು, ಅಪ್ಪಾ ನಾಯೀನ ನಮ್ಮನೇಲಿ ಬಿಡಿ, ಅಷ್ಟು ದೂರ ಯಾಕೆ ಅಂತ ರಮ್ಯ ಅಂದರೆ, ಅವನೂ ರಿಟೈರ್ ಆಗವ್ನೆ ಕಣವ್ವ, ಅವನೂ ನಾಕೂರು ನೋಡ್ಲಿ, ನಿಜವೇ, ತೊಂಬತ್ತೇಳರಲ್ಲಿ ಡಿಪೋದೊಳಗೆ ಇವರ ಬಸ್ಸಿನ ಅಡಿಯಲ್ಲೇ ಹುಟ್ಟಿದ ಮರಿ, ಹತ್ತುವವರನ್ನೆಲ್ಲ ಒಬ್ಬೊಬ್ಬರನ್ನಾಗಿ ಮೂಸಿ ಒಳಗೆ ಬಿಡುತ್ತಿತ್ತು, ಲೇ, ಚೆಕಿಂಗ್ ಬಂದವ್ನೆ, ಟಿಕೆಟ್ ತಗೀರ್ಲಾ, ಎಂದು ಕಂಡಕ್ಟರ್ ಗೋವಿಂದಯ್ಯ ಕೂಗಿದ್ದೇ ಹೆಸರಾಗಿ ನಿಂತಿತು, ಮುದುಕಿಯರು ಬುಟ್ಟಿಯಿಂದ ಕಡಲೆಕಾಯಿ ತೆಗೆದು ಚೆಕಿಂಗಿಗೆ ಲಂಚ ಕೊಡುತ್ತಿದ್ದರು, ತಿಂದು ಬಾಲ ಅಲ್ಲಾಡಿಸುತ್ತಿದ್ದ ಬಡ್ಡೀಮಗ. ಅವಳಿಗೆ ನಗು ಬಂತು, ನಗುವಿನ ಬೆನ್ನಿಗೇ ಅದು ಬಂತು, ಬಂಕಿನಿಂದ ಹೊರಟಾಗಿನಿಂದ ಬಿಡದೆ ಬರುತ್ತಿರುವುದು, ಧೂಳಿನೊಳಗೆ ನಾಲಿಗೆ ಚಾಚಿಕೊಂಡು ವ್ಯಾನಿನ ಹಿಂದೆ ಓಡುತ್ತಿರುವ ಕರಿ ನಾಯಿ, ಓಡುತ್ತ ಓಡುತ್ತ ಚಿಕ್ಕದಾಗುತ್ತಿರುವ ನಾಯಿ. ಇಲ್ಲ, ಓಡಿರಲಾರ, ಢಾಬಾದವನು ರೊಟ್ಟಿ ಹಾಕಿರುತ್ತಾನೆ, ತಿಂದು ಮಂಚದ ಅಡಿ ಮಲಗಿರುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಳು.

ರಸ್ತೆಯ ಅಂಚು, ಚರಂಡಿ, ಲಾರಿ ಉಗಿದ ಕರಿ ಹೊಗೆ, ಮತ್ತೆ ಅಂಚು — ಅಲ್ಲೊಂದು ಕರಿ ಗಂಟು ಬಿದ್ದಿದೆ, ಶಿವನೇ, ಅಲ್ಲ, ಒಡೆದ ಟೈರು, ಇನ್ನೊಂದು, ಅದೂ ಟೈರು, ಈ ದೇಶದ ತುಂಬ ಯಾಕಿಷ್ಟು ಟೈರು ಒಡೆದು ಬಿದ್ದಿವೆ, ಎರಡೂ ಕಡೆ ತೇಗದ ಕಾಡು, ಮಧ್ಯಾಹ್ನ ಇದೇ ಕಾಡಿಗೆ ನಮ್ಮ ಗುಂಡ್ಲುಪೇಟೆ ಆಚೆ ಇದ್ದಂಗದೆ ಎಂದು ಖುಷಿಪಟ್ಟಿದ್ದರು, ಹಾಗಿದ್ದರೆ ಚಿರತೆಯೂ ಇದ್ದಂಗೇ, ನಾಯಿ ಅಂದರೆ ಅದಕ್ಕೆ ಬಾಳೆಹಣ್ಣು ಸುಲಿದಷ್ಟು ಸಲೀಸು, ಬಿಸಿಲು ಇಳಿಯುತ್ತಿದೆ, ಸೆರಗು ಬಾಯಿಗೆ ಇಟ್ಟುಕೊಂಡಳು, ಸದ್ದು ಆಗಬಾರದು ಅಂತ, ಆಯಿತು ಅಂತ ಕಾಣುತ್ತದೆ, ಯಾಕಂದರೆ ಇವರು ವ್ಯಾನಿನ ವೇಗ ಇಳಿಸಿದರು, ಪುಟ್ಟಿ, ಅಂದರು, ರಮ್ಯ ಹುಟ್ಟಿದ ಮೇಲೆ ಬಿಟ್ಟುಬಿಟ್ಟಿದ್ದ ಹೆಸರು, ಪುಟ್ಟಿ, ಅಳಬ್ಯಾಡ ಕಣೆ, ತೆಪ್ಪು ನಿಂದಲ್ಲ, ಇನ್ಯಾರದ್ರೀ, ರೈಟ್ ಅಂದೋಳು ನಾನು, ಊಂ, ನೀನು ಅಂದೆ, ನನ್ನ ಮುಂದೆ ಇಷ್ಟಗಲ ಕನ್ನಡಿ ಅದೆ, ಒಂದ್ಸಲ ಕಣ್ಣೆತ್ತಿದ್ರೆ ಕಾಣ್ತಿತ್ತು, ನೋಡ್ನಿಲ್ಲ, ಇಂದಿಂದು ನಂದಲ್ಲ ಅಂದ್ಕಂಡೇ ಬದುಕ್ಬುಟ್ಟೆ ನಾನು, ನೀನು ಮನೆ ನೋಡ್ಕಂಡೆ, ರಮ್ಯನ ನೋಡ್ಕಂಡೆ, ನಮ್ಮವ್ವ ಮಲಗಿದ್ದಾಗ ಅವಳ ಉಚ್ಚೆ ಬಟ್ಟೆ ಒಗ್ದೆ, ನಾನು ರೋಡ್ ನೋಡ್ಕಂಡಿದ್ದೆ — ಇವರು ಇಷ್ಟು ಮಾತು ಒಟ್ಟಿಗೆ ಆಡಿದ್ದನ್ನು ಅವಳು ಯಾವತ್ತು ಕೇಳಿದ್ದು, ಹೋಗಲಿ ಬಿಡಿ ಈಗ್ಯಾಕೆ ಅದೆಲ್ಲ ಅನ್ನಬೇಕು ಅನ್ನಿಸಿತು, ಅನ್ನುವ ಬದಲು ಗೇರಿನ ಮೇಲಿದ್ದ ಆ ಒರಟು ಕೈ ಮೇಲೆ ತನ್ನ ಕೈ ಇಟ್ಟಳು. ಗೇರು ಬದಲಾಯಿಸುವಾಗಲೂ ಅವಳು ಕೈ ತೆಗೆಯಲಿಲ್ಲ.

ಢಾಬಾ ಬಂತು, ಅದೇ ಬೇವಿನ ಮರ, ಅದೇ ಹಗ್ಗದ ಮಂಚಗಳು, ವ್ಯಾನು ನಿಲ್ಲುವ ಮೊದಲೇ ಇಳಿದು ಚೆಕಿಂಗೂ, ಚೆಕಿಂಗೂ ಎಂದು ಕೂಗಿದಳು, ಉಣ್ಣುತ್ತಿದ್ದ ಲಾರಿಯವರು ಚೆಕಿಂಗ್ ಎಂದು ಕೇಳಿ ಗಾಬರಿಯಿಂದ ರಸ್ತೆ ಕಡೆ ನೋಡಿದರು, ಮಂಚದ ಅಡಿ ಒಂದು ಕೋಳಿ ಇತ್ತು, ನಾಯಿ ಇಲ್ಲ, ತಂದೂರಿಯ ಮುಂದೆ ಕೂತಿದ್ದ ದಪ್ಪನೆ ಆಳಿಗೆ ಏನು ಹೇಳುವುದು, ನಾಯಿಗೆ ಹಿಂದಿಯಲ್ಲಿ ಏನನ್ನುತ್ತಾರೆ, ಬೌ ಬೌ ಅಂದಳು, ನಾಚಿಕೆ ಬಿಟ್ಟು ಕೈಯಲ್ಲಿ ಕಿವಿ ಮಾಡಿ ತೋರಿಸಿದಳು, ಅವನು ಬೀಡಿ ತೆಗೆದು, ಕುತ್ತಾ? ಕಾಲಾ ಕುತ್ತಾ? ವೋ ತೋ ಗಾಡಿ ಕೆ ಪೀಛೆ ಭಾಗ್ ಗಯಾ ಮಾಜೀ, ಎಂದು ಅವರು ಬಂದ ರಸ್ತೆಯ ಕಡೆಗೇ ಕೈ ಮಾಡಿದ, ಡಿಪೋದ ಮೆಕ್ಯಾನಿಕ್‌ನಿಂದ ಇವರು ಕಲಿತಿದ್ದ ಹಿಂದಿ ಅಷ್ಟಕ್ಕೆ ಸಾಕಾಯಿತು, ಗಾಡಿ ಇಂದ್ಗಡೆನೇ ಓಡ್ದ್ನಂತೆ ಕಣೆ, ಆ ಮಾತು ಬೇಕಾಗಿರಲಿಲ್ಲ, ಮಂಚದ ಮೇಲೆ ಕುಸಿದಳು, ಓಡಿದ್ದಾನೆ, ನಿಜವಾಗಿ ಓಡಿದ್ದಾನೆ, ಆದರೆ ಎಷ್ಟು ದೂರ, ಆ ರಸ್ತೆಯಲ್ಲೇ ತಾನೇ ನಾವು ಈಗ ಬಂದದ್ದು, ಅಂಚನ್ನೆಲ್ಲ ಬಿಡದೆ ನೋಡಿಕೊಂಡು ಬಂದೆನಲ್ಲ, ರಸ್ತೆಯ ಮೇಲಿಲ್ಲ ಅಂದರೆ ಕಾಡಿಗೆ ನುಗ್ಗಿರಬೇಕು, ಕಾಡಿಗೆ ನುಗ್ಗಿದರೆ ಮುಗಿಯಿತು, ಮಾಜೀ ಪಾನಿ, ಆ ಆಳು ಲೋಟ ಹಿಡಿದು ನಿಂತಿದ್ದ, ಪಾಪ, ಒಳ್ಳೆಯವನು, ಒಂದು ಗುಟುಕು ಕುಡಿದು ಲೋಟ ಹಿಂದಕ್ಕೆ ಕೊಟ್ಟಳು. ಏಳು ಪುಟ್ಟಿ, ಇನ್ನೊಂದ್ಸಲ ನಿಧಾನಕ್ಕೆ ನೋಡ್ಕಂಡು ಓಗಾನ, ಅಂದರು.

ಮತ್ತೆ ಅದೇ ರಸ್ತೆ, ಎಷ್ಟನೆಯ ಸಲ ಅಂತ ಯಾರಿಗೆ ಬೇಕು, ಎದುರಿನಿಂದ ಒಂದು ಸರ್ಕಾರಿ ಬಸ್ಸು ಬಂತು, ಟಾಪಿನ ಮೇಲೂ ಜನ, ಹೆಂಗಸೊಬ್ಬಳು ಓಡಿ ಬಂದು ಕೈ ಅಡ್ಡ ಹಾಕಿದಳು, ಬಸ್ಸು ನಿಲ್ಲಲಿಲ್ಲ, ಅವಳು ಬೈದುಕೊಂಡು ಮರದ ನೆರಳಿಗೆ ಹೋಗಿ ಕೂತಳು, ಇನ್ನೊಂದು ಬರುತ್ತದಲ್ಲ ಅಂತ, ಬಸ್ಸು ತಪ್ಪಿದರೆ ಯಾರು ತಾನೆ ಓಡುತ್ತ ಕೂರುತ್ತಾರೆ, ಸ್ವಲ್ಪ ದೂರ ಓಡುತ್ತಾರೆ, ಆಮೇಲೆ — ಪುಟ್ಟಬಸಮ್ಮ ನೆಟ್ಟಗೆ ಕೂತಳು, ರೀ, ಸುತ್ತೂರಲ್ಲಿ ಒಂದ್ಸಲ ಇವ್ನ ಬುಟ್ಬಂದಿದ್ರಲ್ಲ, ಹೆಣ್ಣುನಾಯಿ ಹಿಂದೆ ಹೋಗಿದ್ದ ಅಂತ, ಆಗ ಎಲ್ಲಿ ಸಿಕ್ಕಿದ, ಇವರು ಬ್ರೇಕ್ ಒತ್ತಿದರು, ನರಸೀಪುರದಿಂದ ವಾಪಸ್ ಬರೋವಾಗ ಬಸ್‌ಸ್ಟಾಪಲ್ಲೇ ಕೂತಿದ್ನಲ್ಲೇ, ಜನದ ಜೊತೆಗೆ, ನಾನು ನಿಲ್ಸಿದ್ದೇ ಅತ್ಕಂಡ, ಅದೇ ರೀ, ಅವ್ನಿಗೆ ಗೊತ್ತಿರೋದು ಅದೊಂದೇ, ಹೋದ ಬಸ್ಸು ತಿರುಗಿ ಬತ್ತದೆ ಅನ್ನೋದು, ನಾವು ಚರಂಡಿ ನೋಡ್ಕಂಡು ಬಂದ್ವಿ, ಹೆಣ ಹುಡ್ಕೋರಂಗೆ, ಬಸ್‌ಸ್ಟಾಪ್ ನೋಡ್ನಿಲ್ಲ — ಇವರ ಕಾಲು ಆಕ್ಸಿಲೇಟರ್ ಮೇಲೆ ಬಿತ್ತು, ಒಂದು ಹಳ್ಳಿ, ಅಲ್ಲಿ ತಂಗುದಾಣದಲ್ಲಿ ಸೈಕಲ್ಲು ಮಾತ್ರ, ಇನ್ನೊಂದು ಹಳ್ಳಿ, ಅಡ್ಡ ನಿಂತ ಲಾರಿ, ಲಾರಿಯ ಹಿಂದೆ ಸುಣ್ಣ ಉದುರಿದ ಗೋಡೆ, ನಿಲ್ಸಿ ನಿಲ್ಸಿ, ಗೋಡೆಯ ನೆರಳಿನಲ್ಲಿ ಹುಲ್ಲಿನ ಹೊರೆ ಇಟ್ಟುಕೊಂಡ ಇಬ್ಬರು ಹೆಂಗಸರು, ಪೇಟದ ಮುದುಕ, ಮುದುಕನ ಪಕ್ಕದಲ್ಲಿ ಒಂದು ಕಿವಿ ನಿಗುರಿಸಿ, ತನ್ನ ಹತ್ತಿರವೂ ಟಿಕೆಟ್ ಇದೆ ಅನ್ನುವ ಹಾಗೆ ಗಂಭೀರವಾಗಿ ರಸ್ತೆ ನೋಡುತ್ತ ಕೂತಿದ್ದ ಚೆಕಿಂಗ್.

ಓಡಿ ಬರಲಿಲ್ಲ ಅವನು, ಅವಳೇ ಓಡಿದಳು, ಅಷ್ಟು ದಪ್ಪ ಆಗಿದ್ದೀನಿ ಅಂತ ಇವತ್ತೇ ಗೊತ್ತಾದದ್ದು, ಎಲ್ಲಿಗೋಗಿದ್ಯೋ ನನ್ನಪ್ಪ, ನನ್ನ ಬಂಗಾರ, ಎಂದು ಕುತ್ತಿಗೆ ತಬ್ಬಿದರೆ ಅವನು ಅವಳ ಸೆರಗನ್ನು ಒಂದು ಸಲ ಕ್ರಮವಾಗಿ ಮೂಸಿದ, ಇವರ ಪ್ಯಾಂಟು ಮೂಸಿದ, ಸರಿ ಇದೆ ಅನ್ನುವಂತೆ ಎದ್ದು ವ್ಯಾನಿನ ಬಾಗಿಲ ಹತ್ತಿರ ಹೋಗಿ ನಿಂತ, ಹುಲ್ಲಿನ ಹೆಂಗಸರು ಏನೋ ಹೇಳಿ ನಕ್ಕರು, ಮುದುಕ ಕೈಮುಗಿದ, ಇವರು ಕಣ್ಣು ಒರೆಸಿಕೊಳ್ಳಲು ಲಾರಿ ಮರೆಗೆ ಹೋಗಿ ಬಂದರು, ಯಾರೂ ನೋಡಲಿಲ್ಲ ಅಂದುಕೊಂಡಿದ್ದಾರೆ, ಅವಳು ಮುಂದಿನ ಸೀಟು ಬಿಟ್ಟು ಹಿಂದೆ ಕಂಬಳಿಯ ಮೇಲೆ ಕೂತಳು, ತೊಡೆಯ ಮೇಲೆ ಅವನ ತಲೆ, ಕ್ಯಾನಿನ ನೀರನ್ನು ಬೊಗಸೆಯಲ್ಲಿ ಕುಡಿಸಿದಳು, ಇವರು ಕೀ ತಿರುಗಿಸಿ ಕನ್ನಡಿ ನೋಡಿದರು, ಅದು ಸಾಲದೆ ಪೂರ್ತಿ ಹಿಂದಕ್ಕೆ ತಿರುಗಿ ಇಬ್ಬರನ್ನೂ ನೋಡಿದರು, ನೋಡುತ್ತಲೇ ಇದ್ದರು, ಓಗಾನ, ಸಂಗಮಕ್ಕೆ ಇನ್ನೂ ರೋಡದೆ, ಅಂದರು, ಓಗಾನ ಕಣ್ರೀ, ಅಂದಳು, ಜಬ್ಬಲ್‌ಪುರದಲ್ಲಿ ರಮ್ಯನಿಗೆ ಫೋನ್ ಮಾಡಬೇಕು, ನಾಯಿ ತಪ್ಪಿದ್ದು ಹೇಳಬಾರದು, ರಾತ್ರಿಗೆ ಮೊಸರು ಸಿಕ್ಕರೆ ಇವನಿಗೆ ಅನ್ನ ಕಲಸಿ ಹಾಕಬೇಕು, ಎಂದು ಅಂದುಕೊಳ್ಳುತ್ತ ಅವನ ಮುಂಗಾಲು ಸವರುತ್ತಿದ್ದವಳ ಕೈಗೆ ಏನೋ ಅಂಟಿತು, ಟಾರು, ಟಾರಿನ ಜೊತೆ ರಕ್ತ, ಕಾಲು ತಿರುಗಿಸಿ ನೋಡಿದಳು, ಅಂಗಾಲಿನ ಮೆತ್ತೆಯ ಚರ್ಮ ಕಿತ್ತು ಬಂದಿತ್ತು, ಇನ್ನೊಂದು ಕಾಲು, ಅದೂ, ನಾಲ್ಕೂ, ಢಾಬಾದಿಂದ ಇಲ್ಲಿಯ ತನಕ, ಈ ಬಿಸಿಲಲ್ಲಿ, ಈ ಕಾದ ರಸ್ತೆಯಲ್ಲಿ, ಇನ್ನು ಆಗುವುದೇ ಇಲ್ಲ ಅನ್ನುವ ತನಕ, ಆಮೇಲೆ ಕೂತಿದ್ದಾನೆ, ಬರುತ್ತಾರೆ ಎಂದು, ಅವನು ಕಾಲು ಎಳೆದುಕೊಳ್ಳದೆ ಅವಳ ಮಣಿಕಟ್ಟು ನೆಕ್ಕಿದ, ಮೊಸರು, ರಮ್ಯ, ಸಂಗಮ, ಯಾವುದನ್ನು ನೆನೆದರೂ ಮನಸ್ಸು ಅಲ್ಲಿಗೆ ಹೋಗದು, ಧೂಳು, ನಾಲಿಗೆ ಚಾಚಿದ ಕರಿ ನಾಯಿ, ಮುಂದೆ ಹೋಗುತ್ತಿರುವ ಬಿಳಿ ವ್ಯಾನು, ಅದರೊಳಗೆ ಹೂ ನೋಡುತ್ತಿರುವ ತಾನು, ಓಡುತ್ತಿರುವ ನಾಯಿ, ಓಡುತ್ತಿರುವ ನಾಯಿ.