ಇಪ್ಪತ್ತೆರಡು ಸುತ್ತು

ಕಬ್ಬಿಣದ ಕೀಲಿಯನ್ನು ಹೆಗಲಿಗೇರಿಸಿಕೊಂಡು ಬೆಳಿಗ್ಗೆ ಹೊರಟರೆ, ನೀರು ಬಿಡುವವನಿಗೆ ವಾರ್ಡಿನ ಬೀದಿಗಳೆಲ್ಲ ಸುತ್ತಿನ ಲೆಕ್ಕದಲ್ಲೇ ನೆನಪಾಗುತ್ತಿದ್ದವು. ವಾಲ್ವು ಪೂರ್ತಿ ತೆರೆಯಲು ಇಪ್ಪತ್ತೆರಡು ಸುತ್ತು. ಚುನಾವಣೆಯಲ್ಲಿ ಕಾರ್ಪೊರೇಟರ ಕೈಹಿಡಿದ ಬೀದಿಗಳಿಗೆ ಅಷ್ಟೂ, ಕೈಕೊಟ್ಟವಕ್ಕೆ ಆರು. ಯಾರೂ ಬರೆದುಕೊಟ್ಟಿರಲಿಲ್ಲ. ಮತ ಎಣಿಕೆಯ ಮರುದಿನ ಕಾರ್ಪೊರೇಟರ ಪಿ.ಎ. ಬೂತುಗಳ ಪಟ್ಟಿ ಹಿಡಿದು ಬಂದು, ವಾಲ್ವಿನ ಗುಂಡಿಯ ಪಕ್ಕ ನಿಂತು ಬಾಯಲ್ಲೇ ಹೇಳಿ ಹೋಗಿದ್ದ. ಇವನದು ಗುತ್ತಿಗೆ ಕೆಲಸ. ವರ್ಷಕ್ಕೊಮ್ಮೆ ಕಾರ್ಪೊರೇಟರ ಪತ್ರ ಸಿಕ್ಕರೆ ಉಂಟು, ಇಲ್ಲದಿದ್ದರೆ ಮನೆ.

ಕೈಕೊಟ್ಟ ಬೀದಿಗಳಲ್ಲಿ ಅವನ ಅಕ್ಕನದೂ ಒಂದು. ಕೊನೆಯ ಮನೆ ಅವಳದು. ಆರು ಸುತ್ತಿನ ನೀರು ಅಲ್ಲಿಗೆ ಮುಟ್ಟುವಷ್ಟರಲ್ಲಿ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಗುತ್ತಿತ್ತು. ಭಾವ ಹಾಸಿಗೆ ಹಿಡಿದು ಎಂಟು ತಿಂಗಳು. ಒಗೆಯುವ ಹೊದಿಕೆಗಳಿಗೆ ಕೊನೆಯಿರಲಿಲ್ಲ. ಅಕ್ಕ ಎರಡು ಬೀದಿ ದಾಟಿ ಕೊಡ ಹೊತ್ತು ತರುತ್ತಿದ್ದಳು.

"ನಿನ್ನ ಮುಖ ನೋಡಿ ಅವರಿಗೇ ಒತ್ತಿದ್ದೀನಿ ಕಣೋ," ಎಂದಳು ಒಮ್ಮೆ, ಸೊಂಟ ಹಿಡಿದುಕೊಂಡು. "ನನ್ನೊಬ್ಬಳ ಓಟಿಗೆ ಒಂದು ಕೊಡವಾದ್ರೂ ಬರಬಾರದಾ?"

ಅವನು ಕೊಡವನ್ನೆತ್ತಿ ಒಳಗಿಟ್ಟು ಬಂದ.

ಭಾವನ ಬೆನ್ನಿಗೆ ಹುಣ್ಣಾಗಿದೆ ಎಂದು ತಿಳಿದ ಮರುದಿನ ಅವನ ಕೈ ಆರಕ್ಕೆ ನಿಲ್ಲಲಿಲ್ಲ. ಆಮೇಲಿನ ಎರಡು ದಿನವೂ ಅಷ್ಟೇ. ನಾಲ್ಕನೆಯ ದಿನ ಕಾರ್ಪೊರೇಟರ ಕಚೇರಿಯಿಂದ ಕರೆ ಬಂತು. ಕೆಲಸ ಹೋಯಿತೆಂದೇ ತಿಳಿದು, ಅಲ್ಲೇ ಒಪ್ಪಿಸಿಬಿಡೋಣವೆಂದು ಕೀಲಿಯನ್ನೂ ಹೊತ್ತೊಯ್ದ.

ಕಚೇರಿಯಲ್ಲಿ ಅಕ್ಕನ ಬೀದಿಯವರೆಲ್ಲ ನೆರೆದಿದ್ದರು. ಕೊರಳಿಗೆ ಹಾರ ಹಾಕಿಸಿಕೊಂಡ ಕಾರ್ಪೊರೇಟರು, ತಮಗೆ ಆ ಬೀದಿ ಈ ಬೀದಿ ಎಂಬ ಭೇದವೇ ಇಲ್ಲವೆಂದು ಹೇಳುತ್ತಿದ್ದರು. ಅಕ್ಕ ಮುಂದಿನ ಸಾಲಿನಲ್ಲಿ ನಿಂತು ತಲೆಯಾಡಿಸುತ್ತಿದ್ದಳು.

ಜನ ಹೊರಗೆ ಹೋದ ಮೇಲೆ ಪಿ.ಎ. ಯಾರನ್ನು ಕೇಳಿ ಬಿಟ್ಟೆ ಎಂದು ಶುರುಮಾಡಿದ. ಕಾರ್ಪೊರೇಟರು ಹಾರ ತೆಗೆದು ಮೇಜಿನ ಮೇಲಿಟ್ಟು ನಕ್ಕರು.

"ಬಿಡಯ್ಯ, ಒಳ್ಳೇದೇ ಆಯ್ತು. ಬೈಯೋರೆಲ್ಲ ಬಂದು ಕೈಮುಗಿದ್ರು. ಅಲ್ಲಿ ಹಾಗೇ ಬಿಡ್ತಾ ಇರು. ದರ್ಜಿಗಳ ಬೀದಿಯೋರು ಮೊನ್ನೆ ಸಭೆಗೆ ಬರಲಿಲ್ಲ ನೋಡು, ಅಲ್ಲಿ ಆರು ಮಾಡು. ಒಂದಷ್ಟು ದಿನ ಒಣಗಲಿ. ಆಮೇಲೆ ಬಿಟ್ಟರೆ ಅವರೂ ಹಾರ ತರ್ತಾರೆ."

ಪತ್ರ ಮುಂದಿನ ವಾರ ಸಿಗುತ್ತದೆಂದು ಪಿ.ಎ. ಹೇಳಿದ.

ಅಕ್ಕ ಗೇಟಿನ ಹತ್ತಿರ ಕಾದಿದ್ದಳು. ಸುಮ್ಮನೆ ಆ ಮನುಷ್ಯನನ್ನು ಬೈದುಕೊಂಡೆ, ದೊಡ್ಡ ಮನಸ್ಸಿನವರು, ಮುಂದಿನ ಸಲ ಇಡೀ ಬೀದಿ ಅವರಿಗೇ ಎಂದಳು. ಆಮೇಲೆ ದನಿ ತಗ್ಗಿಸಿದಳು.

"ನೀನೂ ನಮ್ಮ ಪರವಾಗಿ ಒಂದು ಮಾತು ಹೇಳಬಹುದಿತ್ತು ಕಣೋ. ಇಷ್ಟು ದಿನ ಬಾಯೇ ಬಿಡಲಿಲ್ಲ."

ಅವನು ಭಾವನ ಬೆನ್ನು ಹೇಗಿದೆ ಎಂದು ಕೇಳಿದ. ಒಣಗುತ್ತಾ ಬಂದಿದೆ ಎಂದಳು.

ಮರುದಿನ ದರ್ಜಿಗಳ ಬೀದಿಯಲ್ಲಿ ಗುಂಡಿಗೆ ಬಗ್ಗಿ ವಾಲ್ವನ್ನು ಬಿಗಿಮಾಡುತ್ತಿದ್ದಾಗ, ಎದುರು ಮನೆಯ ಹೆಂಗಸು ಪಾಪ ಎಂದು ಒಂದು ಲೋಟ ಟೀ ತಂದುಕೊಟ್ಟಳು. ಅವನು ಕೈ ಒರೆಸಿಕೊಂಡು ಕುಡಿದ.