ವಾಡಿಕೆಯ ಗಿರಾಕಿಗಳ ಸಮೇತ

ಚನ್ನಬಸವಪ್ಪ ಜಮೀನು ಪತ್ರ ಬರೆಯುವ ತನ್ನ ಆಫೀಸನ್ನು ಮುರುಗೇಶನಿಗೆ ಮಾರಿ ಎಂಟು ತಿಂಗಳಾಗಿತ್ತು. ಆಫೀಸು ಅಂದರೆ ಅವನ ಮನೆಯದೇ ಮುಂಗೋಣೆ. ನಡುವಿನ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ ಗಂಡಹೆಂಡತಿ ಹಿಂದಿನ ಎರಡು ಕೋಣೆಗೆ ಸರಿದುಕೊಂಡರು. ಒಂದೇ ವರಸೆ ಇಟ್ಟಿಗೆ. ಆಚೆ ಮುರುಗೇಶ ಕೆಮ್ಮಿದರೆ ಈಚೆ ಶಿವನಂಜಮ್ಮ ತಿರುಗಿ ನೋಡುತ್ತಿದ್ದಳು.

ಮಾರಿದ್ದು ಅವಳ ಎದೆ ಆಪರೇಷನ್ನಿಗೆ. ಮಾರಾಟದ ಕರಾರು ಬರೆದವನು ಚನ್ನಬಸವಪ್ಪನೇ. ಅವನ ಪತ್ರದಲ್ಲಿ ಇರುವೆ ನುಸುಳುವಷ್ಟೂ ಸಂದಿ ಇರಲ್ಲ ಅಂತ, ತಮಿಳುನಾಡಿಗೆ ಸೇರಿಹೋದ ಈ ಕನ್ನಡದ ತಾಳವಾಡಿಯಲ್ಲೆಲ್ಲ ಹೆಸರು. ಆ ಜಂಬದಲ್ಲೇ ಬರೆದ: ಸುತ್ತಲ ಹಳ್ಳಿಗಳ ವಾಡಿಕೆಯ ಗಿರಾಕಿಗಳ ಸಮೇತ ಆಫೀಸು ಕೊಟ್ಟಿರುತ್ತೇನೆ, ಐದು ವರ್ಷ ಈ ತಾಲ್ಲೂಕಿನಲ್ಲಿ ಯಾರ ಪತ್ರವನ್ನೂ, ಕೂಲಿ ಪಡೆದಾಗಲಿ ಪಡೆಯದೆಯಾಗಲಿ, ಬರೆಯತಕ್ಕದ್ದಲ್ಲ, ಓದತಕ್ಕದ್ದಲ್ಲ, ವಿವರ ಹೇಳತಕ್ಕದ್ದಲ್ಲ, ತಪ್ಪಿದಲ್ಲಿ ಹಿಂದಿನ ಮನೆಯೂ ಮುರುಗೇಶನಿಗೇ ಸೇರತಕ್ಕದ್ದು.

ಟೀ ಅಂಗಡಿಯಲ್ಲಿ ದೊಡ್ಡಮಾದಯ್ಯನ ಪಿಂಚಣಿ ಕಾಗದ ಓದಿ ಹೇಳಿದ್ದಕ್ಕೆ ಆಗಲೇ ಒಂದು ವಕೀಲರ ನೋಟೀಸು ಬಂದಿತ್ತು. ಇನ್ನೊಂದು ಸಲ ಅಂದರೆ ಮನೆ ಖಾಲಿ.

ಆ ಸೋಮವಾರ ಪಣಕಹಳ್ಳಿಯ ಮಹಾಲಿಂಗಮ್ಮ ಹಿತ್ತಿಲ ಬಾಗಿಲಿಗೆ ಬಂದು ನಿಂತಳು. ಕೈಯಲ್ಲಿ ಮುರುಗೇಶ ತಮಿಳಿನಲ್ಲಿ ಟೈಪು ಮಾಡಿದ ದಾನಪತ್ರ. ಇದ್ದ ಒಂದೆಕರೆಯನ್ನು ಮಗಳು ಪ್ರೇಮಳ ಹೆಸರಿಗೆ ಮಾಡಬೇಕಿತ್ತು. ಆ ಹೊಲಕ್ಕೆ ಹೋಗುವ ದಾರಿ ಅದರ ಮುಂದಿರುವ ಮಹದೇವಪ್ಪನ ಜಮೀನಿನೊಳಗೇ ಹಾಯುತ್ತದೆ. ಅಲ್ಲಿ ಅವನ ಮಗ ಬೇಲಿಕಲ್ಲು ತಂದು ಇಳಿಸಿದ್ದ.

“ದಾರಿ ಬರ್ದವ್ನಾ ನೋಡ್ಬುಟ್ಟು ಏಳಿ ಬುದ್ದಿ. ತಮಿಳು ನಂಗ ಕಿವೀಗ ಬತ್ತದ, ಕಣ್ಗ ಬರಲ್ಲ.”

“ಆಗಲ್ಲ ಕಣಮ್ಮಿ.”

“ಯಾಕ, ಕನ್ನಡಕ ಒಡ್ದೋಯ್ತಾ?”

“ಓದುದ್ರ ಮನೆ ಓಯ್ತದ. ಅವುನ್ನೇ ಓದಿ ಏಳು ಅನ್ನು.”

“ಅವ್ನು ಎಬ್ಬೆಟ್ಟು ಒತ್ತು ಅಂತನ. ನೀವೂ ಅಂಗೇ ಅಂತಿದ್ರಿ. ಮೂವತ್ತು ವರ್ಸದಲ್ಲಿ ಒಂದಿನಾನಾರ ಓದಿ ಏಳಿದ್ರಾ? ‘ನಾನಿವ್ನಿ, ಒತ್ತು’ ಅಂದ್ರಿ. ಒತ್ತುದ್ವಿ.” ಪತ್ರವನ್ನು ಸೆರಗಿನೊಳಗೆ ಮಡಿಸಿಕೊಂಡಳು. “ಈಗ ನೀವಿಲ್ಲ. ನಮ್ಮನ್ನೂ ಸೇರ್ಸಿ ಮಾರ್ಬುಟ್ರಾ? ಕುರಿ ಮಾರೋನ್ಗಾದ್ರೂ ಕುರಿ ಅರಚೋದು ಕೇಳ್ತದ.”

ಅವಳು ಓಣಿ ಸುತ್ತಿಕೊಂಡು ಮುಂದಕ್ಕೆ ಹೋದಳು. ಚನ್ನಬಸವಪ್ಪ ಕೂತೇ ಇದ್ದ. ತಾನು ಮಾರಿದ್ದಾದರೂ ಏನು? ಒಂದು ಮೇಜು, ಎರಡು ಬೆಂಚು. ಅದಕ್ಕಾಗಿ ಕೆಳಗಿನ ತಮಿಳು ಸೀಮೆಯಿಂದ ಮುರುಗೇಶ ದಿಂಬಂ ಘಾಟಿ ಹತ್ತಿ ಬರುತ್ತಿದ್ದನೇ? ಮಾರಿದ್ದು ಇವರ ಹೆಬ್ಬೆಟ್ಟುಗಳನ್ನು. ಓದದೆ, ಕೇಳದೆ ಒತ್ತುವ ಹಾಗೆ ಮೂವತ್ತು ವರ್ಷ ತಾನೇ ಪಳಗಿಸಿದ ಹೆಬ್ಬೆಟ್ಟುಗಳನ್ನು.

ಗೋಡೆಯಾಚೆ ಅವಳ ದನಿ ಕೇಳಿಸಿತು, ತಮಿಳಿನಲ್ಲಿ. “ಓದಿ ಸಾರ್.”

ಮುರುಗೇಶ ನಕ್ಕ. “ಓದಿದರೆ ನಿನಗೇನು ತಿಳಿಯುತ್ತೆ? ಒತ್ತು.”

“ತಿಳಿಯದಿದ್ದರೆ ಒತ್ತಲ್ಲ. ಓದಿ.”

ಬಸ್ಸಿನ ಕಂಡಕ್ಟರು ಊರು ಕೂಗಿದಂತೆ ಅವನು ಚಕ್ಕುಬಂದಿ ಓದಿದ. ಮೂಡಲಿಗೆ ಮಹದೇವಪ್ಪನ ಜಮೀನು, ಪಡುವಲಿಗೆ ಹಳ್ಳ...

“ನಿಲ್ಲಿ. ದಾರಿ?”

“ದಾರಿ ಇಲ್ಲ. ನಿನ್ನ ಮಾವ ಮುಂದಿನ ಹೊಲವನ್ನು ಮಹದೇವಪ್ಪನಿಗೆ ಮಾರಿದ್ದನಲ್ಲ, ಆ ಕ್ರಯಪತ್ರದಲ್ಲೇ ಇಲ್ಲ. ಅದನ್ನು ನೋಡಿಯೇ ನಾನು ಬರೆದಿದ್ದು. ಬರೆದವರು ನಿಮ್ಮ ಚನ್ನಬಸವಪ್ಪನವರೇ.”

ಚನ್ನಬಸವಪ್ಪನಿಗೆ ಆ ದಿನ ಕಣ್ಣಿಗೆ ಕಟ್ಟಿತು. ತನ್ನ ನೆಂಟನೇ ಆದ ಮಹದೇವಪ್ಪ ಬೆಂಚಿನ ಮೇಲೆ. ಮಹಾಲಿಂಗಮ್ಮನ ಮಾವ ಹೊರಗೆ ಮೆಟ್ಟಿಲ ಕೆಳಗೆ. “ದಾರಿ ಎಲ್ಲಿಗೋಯ್ತದ ಬುಡು, ಬರೀಬ್ಯಾಡ” ಅಂದಿದ್ದ ನೆಂಟ. ತಾನು ಬರೆದಿರಲಿಲ್ಲ. ಮುದುಕ ಒತ್ತಿದ್ದ.

ಮಹಾಲಿಂಗಮ್ಮನ ದನಿ ಈಗ ಕನ್ನಡದಲ್ಲಿ, ಗೋಡೆಗೆ ಮುಖವಿಟ್ಟೇ ಬಂತು. “ಬುದ್ದೀ, ಅಲ್ಲೇ ಕುಂತಿವ್ರಿ, ನಂಗೊತ್ತು. ದಾರಿ ಇತ್ತಾ, ಇಲ್ವಾ?”

ಬಾಯಿ ಬಿಟ್ಟರೆ ಮನೆ ಹೋಗುತ್ತದೆ. ಬಿಡದಿದ್ದರೆ ಅವಳ ಹೊಲ. ಎದೆಗೆ ಹೊಲಿಗೆ ಬಿದ್ದ ಹೆಂಡತಿಯನ್ನು ಕಟ್ಟಿಕೊಂಡು ಯಾವ ಜಗಲಿಗೆ ಹೋಗಿ ಬೀಳುವುದು?

“ಇತ್ತು,” ಅಂದ.

“ಅಷ್ಟ್ ಮೆಲ್ಲಗಂದ್ರ ನಂಗೇ ಕೇಳ್ನಿಲ್ಲ,” ಅಂದಳು ಶಿವನಂಜಮ್ಮ ಮಂಚದಿಂದ. “ನನ್ನೆದ ಹೊಲಿಸಾಕೋಗಿ ನೀವ್ಯಾಕ ಬಾಯಿ ಹೊಲ್ಕಂಡ್ರಿ? ಜೋರಾಗಿ ಹೇಳಿ.”

ಚನ್ನಬಸವಪ್ಪ ಎದ್ದು ಅಂಗೈಯನ್ನು ಗೋಡೆಗೆ ಒತ್ತಿದ. “ಇತ್ತು! ಗಾಡಿ ದಾರಿ ಇತ್ತು! ಮಹದೇವಪ್ಪ ಬ್ಯಾಡ ಅಂದ, ನಾನು ಬರೀನಿಲ್ಲ. ಒತ್ತಬ್ಯಾಡ ಮಾಲಿಂಗಿ!”

ಆಚೆ ಕುರ್ಚಿ ಕಿರ್ರೆಂದಿತು. ಮುರುಗೇಶ ಫೋನಿನಲ್ಲಿ ವಕೀಲರಿಗೆ ಹೇಳುತ್ತಿದ್ದ: “ಹೌದು ಸಾರ್, ಎರಡನೇ ಸಲ. ಇನ್ನೊಂದು ನೋಟೀಸು ಕಳಿಸಿ. ಸಾಕ್ಷಿಗೆ ಇಲ್ಲೇ ಒಬ್ಬ ಹೆಂಗಸಿದ್ದಾಳೆ.”

“ನಾನೇ ಸಾಕ್ಷಿ,” ಅಂದಳು ಮಹಾಲಿಂಗಮ್ಮ, ಮತ್ತೆ ತಮಿಳಿನಲ್ಲಿ. “ಅವರು ಹೇಳಿದ ಮಾತು ಒಂದೂ ಬಿಡದೆ ಆ ನೋಟೀಸಿನಲ್ಲಿ ಬರೆಸಿ ಸಾರ್. ಗಾಡಿ ದಾರಿ ಅಂದಿದ್ದು, ಮಹದೇವಪ್ಪ ಬೇಡ ಅಂದಿದ್ದು, ಎಲ್ಲ. ಯಾವ ಪತ್ರದಲ್ಲೂ ಇಲ್ಲದ ನನ್ನ ದಾರಿ ಅದರಲ್ಲಾದರೂ ಇರಲಿ. ಬರೆದು ನನಗೆ ಓದಿ ಹೇಳಿ. ಅದಕ್ಕೆ ಒತ್ತುತ್ತೀನಿ.”

“ಒಂದು ನಿಮಿಷ ಇರಿ ಸಾರ್,” ಅಂದ ಮುರುಗೇಶ ಫೋನಿಗೆ.